ಸಪ್ಲೈ ಚೈನ್ ಮೇಷ್ಟ್ರಿಗೆ ಬಡ್ತಿ

ಸಾಮಾನು ಸರಿಯಾದ ಜಾಗಕ್ಕೆ, ಸರಿಯಾದ ಹೊತ್ತಿಗೆ, ಬೇಕಾದಷ್ಟೇ ತಲುಪಬೇಕು ಎಂದು ದಾವಣಗೆರೆಯ ಕಾಲೇಜೊಂದರಲ್ಲಿ ಪಾಠ ಮಾಡುವವನು ನಾನು. ನನ್ನ ಬದುಕಿನಲ್ಲಿ ಮಾತ್ರ ಯಾವುದೂ ಹಾಗೆ ತಲುಪಿದ್ದಿಲ್ಲ. ಎಲ್ಲಕ್ಕಿಂತ ಹೆಚ್ಚು ಸತಾಯಿಸಿದ್ದು ಪ್ರೊಫೆಸರ್ ಹುದ್ದೆ. ಆ ಒಂದು ಮೆಟ್ಟಿಲು ಹತ್ತಲು ಪಟ್ಟ ಪಾಡು ನೆನೆದರೆ ಈಗಲೂ ಬೈಕಿನ ಮೇಲೆ ಒಬ್ಬನೇ ನಗುತ್ತೇನೆ, ಪಕ್ಕದ ಆಟೋದವರು ಗಾಬರಿಯಾಗುತ್ತಾರೆ.

ಎಷ್ಟು ಲಾರಿ?

ಹೆಣ್ಣು ನೋಡಲು ಹರಿಹರದ ಹತ್ತಿರ ಕೊಕ್ಕನೂರಿಗೆ ಹೋಗಿದ್ದೆವು. ಹುಡುಗಿಯ ತಂದೆ ಭತ್ತ ಬೆಳೆಯುವವರು, ನೇರ ಮಾತಿನವರು. ನಮ್ಮ ದೊಡ್ಡಪ್ಪ ಠೀವಿಯಿಂದ, "ಹುಡುಗ ಸಪ್ಲೈ ಚೈನ್ ಮ್ಯಾನೇಜ್‌ಮೆಂಟ್‌ನಾಗೆ ಅದಾನೆ" ಎಂದರು.

"ಭೇಷ್! ಎಷ್ಟು ಲಾರಿ ಅದಾವ್ರಿ?"

"ಲಾರಿ ಇಲ್ಲ ಸರ್, ಪಾಠ ಮಾಡ್ತೀನಿ" ಎಂದೆ.

"ಯಾರಿಗೆ, ಡ್ರೈವರ್‌ಗಳಿಗಾ?"

ಅಲ್ಲ, ಕಾಲೇಜು ಹುಡುಗರಿಗೆ ಎಂದು ಬಿಡಿಸಿ ಹೇಳಿದೆ. ಅವರು ತಲೆಯಾಡಿಸಿ, "ಅಂದ್ರೆ ಪ್ರೊಫೆಸರ್ರು ಅನ್ರಿ ಮತ್ತೆ" ಎಂದರು. ಆಗ ನಾನಿನ್ನೂ ಅಸಿಸ್ಟೆಂಟ್ ಪ್ರೊಫೆಸರ್, ಎರಡು ಮೆಟ್ಟಿಲು ಕೆಳಗೆ. ಹಾಗೆಂದು ಹೇಳಲು ಬಾಯಿ ತೆರೆದೆ, ದೊಡ್ಡಪ್ಪ ಕಾಲು ತುಳಿದರು. ಮರುದಿನದಿಂದಲೇ ಕೊಕ್ಕನೂರಿಗೆಲ್ಲ ನಾನು ಪ್ರೊಫೆಸರ್. ಒಪ್ಪುವುದು ಬಾಕಿ ಉಳಿದದ್ದು ನಮ್ಮ ಕಾಲೇಜು ಮಾತ್ರ!

ಹಾಲು ಎಲ್ಲಿದೆ?

ಮದುವೆಯಾಯಿತು, ವರ್ಷಗಳು ಕಳೆದವು, ಅಸೋಸಿಯೇಟ್ ಆದೆ, ಅಲ್ಲಿಗೇ ನಿಂತೆ. ಮುಂದಿನ ಬಡ್ತಿಗೆ ಹೊಸ ಸಂಶೋಧನೆ ತೋರಿಸಬೇಕಿತ್ತು. 'ಜಸ್ಟ್ ಇನ್ ಟೈಮ್' ಎಂಬ ಪದ್ಧತಿಯೊಂದಿದೆ: ಏನನ್ನೂ ಕೂಡಿಡಬೇಡಿ, ಬೇಕಾದಾಗ ಬೇಕಾದಷ್ಟೇ ತರಿಸಿ. ಶಾಮನೂರಿನ ನಮ್ಮ ಮನೆಯ ಅಡುಗೆಮನೆಯಲ್ಲೇ ಪ್ರಯೋಗ ಶುರು ಮಾಡಿದೆ. ಡಬ್ಬಿಗಳು ಒಂದೊಂದಾಗಿ ಖಾಲಿಯಾದವು. ನನ್ನಾಕೆ ನಗುನಗುತ್ತಲೇ ಅವನ್ನು ತೊಳೆದು ಸಾಲಾಗಿ ಬೋರಲು ಹಾಕುತ್ತ ಹೋದಳು. ಆಗಲೇ ನಾನು ಹೆದರಬೇಕಿತ್ತು.

ಒಂದು ಭಾನುವಾರ ಮಾವ ಹೇಳದೆ ಕೇಳದೆ ಒಂದು ಕಾರಿನ ತುಂಬ ಬಂಧುಗಳನ್ನು ತುಂಬಿಕೊಂಡು ಬಂದಿಳಿದರು, ಪ್ರೊಫೆಸರ್ ಅಳಿಯನನ್ನು ತೋರಿಸಲು. "ಬರ್ರಿ, ಕೂಡ್ರಿ" ಎಂದೆ. ಎಲ್ಲರೂ ಕೂತರು. ಮಾವ ಒಳಗೆ ನೋಡಿ, "ಊಟ ಬ್ಯಾಡವ್ವ, ಚಾ ಮಾಡು ಸಾಕು" ಎಂದು ಮಗಳಿಗೆ ಕೂಗಿ ಹೇಳಿದರು.

ನನ್ನಾಕೆ ನಿಧಾನಕ್ಕೆ ಹೊರಗೆ ಬಂದಳು. "ಸ್ವಲ್ಪ ತಡ ಆಗ್ತೈತಪ್ಪಾಜಿ. ನಿಮ್ಮ ಅಳಿಯಾರು ಹಾಲನ್ನ ಎಮ್ಮೆ ಹತ್ರನೇ ಇಡ್ಸ್ಯಾರೆ."

ಕೊಂಡಿ ಕಳಚಿದರೆ

ಆ ಪ್ರಯೋಗ ಅಲ್ಲಿಗೇ ನಿಂತಿತು. ಮೆಕ್ಕೆಜೋಳದ ವ್ಯಾಪಾರದ ಮೇಲೆ ಪ್ರಬಂಧ ಬರೆಯೋಣವೆಂದು ತಲೆಮಾರುಗಳಿಂದ ವರ್ತಕರಾದ ಸಾಹುಕಾರರೊಬ್ಬರ ಸಗಟು ಮಂಡಿಗೆ ಹೋದೆ. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಅಡಿಕೆ. "ಕೇಳ್ರಿ ಸರ, ಏನು ಬೇಕಾದ್ರೂ ಕೇಳ್ರಿ" ಎಂದರು.

"ನಿಮಗೆ ಜೋಳ ಕೊಡೋರು ಯಾರು?"

"ಹದಡಿ ಊರಿನ ನಮ್ಮ ಮಾವಾರು."

"ಸಾಗಿಸೋರು?"

"ಅವರ ಇನ್ನೊಬ್ಬ ಅಳಿಯ. ನಮ್ಮ ಷಡ್ಡಕ."

"ಕೊಂಡ್ಕೊಳ್ಳೋರು?"

"ಹರಿಹರದ ಬೀಗರು."

ನನಗೆ ಉತ್ಸಾಹ ಉಕ್ಕಿತು. ಪೆನ್ನು ಗಟ್ಟಿಯಾಗಿ ಹಿಡಿದು, "ಇದರಲ್ಲಿ ಒಂದು ಕೊಂಡಿ ಕಳಚಿದರೆ ಏನ್ಮಾಡ್ತೀರಿ?" ಎಂದೆ.

"ಅದಕ್ಕೇನ್ರಿ, ಇನ್ನೊಂದು ಮದುವಿ ಮಾಡ್ತೀವಿ!"

ಪ್ರಬಂಧದಲ್ಲಿ ಅದನ್ನು 'ದೀರ್ಘಕಾಲದ ಒಪ್ಪಂದ' ಎಂದು ಬರೆದೆ. ಅಚ್ಚಾಯಿತು!

ಐದು ಪ್ಲೇಟು ಮಿರ್ಚಿ

ಕೊನೆಗೂ ಸಂದರ್ಶನದ ಕರೆ ಬಂತು. ಪರವೂರಿನಿಂದ ಐದು ಜನ ತಜ್ಞರು ಬಂದು ಪ್ರಿನ್ಸಿಪಾಲರ ಕೋಣೆಯಲ್ಲಿ ಕೂತರು. ಒಳಗೆ ಹೋಗುವ ಮುಂಚೆ ಅಟೆಂಡರ್‌ಗೆ, "ಐದು ಪ್ಲೇಟು ಮಂಡಕ್ಕಿ ಮಿರ್ಚಿ ತರಿಸಪ್ಪಾ" ಎಂದಷ್ಟೇ ಹೇಳಿದ್ದೆ.

ಅವರ ಸಮಿತಿಯ ಅಧ್ಯಕ್ಷರು 'ಬುಲ್‌ವಿಪ್ ಎಫೆಕ್ಟ್' ವಿವರಿಸಿ ಎಂದರು. ಚಾಟಿಯ ಹಿಡಿ ಚೂರು ಅಲುಗಿದರೆ ತುದಿ ಎಲ್ಲಿಗೋ ಬೀಸುತ್ತದಲ್ಲ, ಹಾಗೆ. ಗಿರಾಕಿ ಒಂದು ಕೇಳಿದರೆ ಅಂಗಡಿಯವನು ಎರಡು ತರಿಸುತ್ತಾನೆ, ಸಗಟಿನವನು ನಾಲ್ಕು, ಕಾರ್ಖಾನೆಯವನು ಎಂಟು. ಒಂದೇ ಉಸಿರಿಗೆ ಹೇಳಿದೆ.

"ಇದು ಪುಸ್ತಕದಲ್ಲೇ ಇದೆ. ನಿಮ್ಮ ಊರಿನ ಒಂದು ಉದಾಹರಣೆ ಕೊಡಿ."

ತಲೆ ಖಾಲಿ! ಒಂದೂ ಹೊಳೆಯಲಿಲ್ಲ. ಇಷ್ಟು ವರ್ಷದ ಆಸೆ ಕಣ್ಣೆದುರೇ ಕೈಜಾರುತ್ತಿತ್ತು. ಅಷ್ಟರಲ್ಲಿ ಬಾಗಿಲು ತೆರೆಯಿತು. ಅಟೆಂಡರ್ ಒಂದು ಬುಟ್ಟಿ ಮಿರ್ಚಿ ತಂದಿಟ್ಟ. ಹಿಂದೆಯೇ ಇನ್ನೊಂದು ಬುಟ್ಟಿ. ಆಮೇಲೆ ಮಂಡಕ್ಕಿಯ ಚೀಲ. ಮತ್ತೊಂದು ಬುಟ್ಟಿ. ಮೇಜು ತುಂಬಿತು, ಕಿಟಕಿಯ ಕಟ್ಟೆ ತುಂಬಿತು.

"ಏನಪ್ಪಾ ಇದು?" ಎಂದರು ಅಧ್ಯಕ್ಷರು.

"ಈ ಸರ್ ಐದು ಪ್ಲೇಟು ಅಂದ್ರು. ಕಡಿಮಿ ಬಿದ್ರೆ ಮರ್ಯಾದಿ ಹೋಗ್ತೈತೆ ಅಂತ ನಾ ಆಫೀಸ್ನಾಗೆ ಹತ್ತು ಅಂದೆ" ಎಂದ ಅಟೆಂಡರ್.

ಬಾಗಿಲಲ್ಲಿ ನಿಂತಿದ್ದ ಆಫೀಸ್ ಸೂಪರಿಂಟೆಂಡೆಂಟ್, "ದೊಡ್ಡೋರು ಬಂದಾರೆ, ಯಾವುದಕ್ಕೂ ಇರ್ಲಿ ಅಂತ ನಾ ಇಪ್ಪತ್ತೈದು ಬೇಕು ಅಂದೆ" ಎಂದರು.

ಮೂಲೆಯಲ್ಲಿ ಕೂತಿದ್ದ ಪ್ರಿನ್ಸಿಪಾಲರು ಗಂಟಲು ಸರಿಮಾಡಿಕೊಂಡರು. "ಅಂಗಡಿಗೆ ಫೋನ್ ಮಾಡಿದ್ದು ನಾನೇ. ಐವತ್ತು ಅಂದೆ."

ಅಂಗಡಿಯ ಮಾಲೀಕರು ಇನ್ನೊಂದು ಬುಟ್ಟಿ ಹೊತ್ತು ಒಳಗೆ ಬಂದರು. "ಕಾಲೇಜಿನ ಆರ್ಡರ್ ಅಂದ್ರೆ ಸಾಲಲ್ರಿ, ಡಬಲ್ ಮಾಡ್ಕಂಡೇ ಬಂದೀನಿ. ಉಳಿದದ್ದು ಆಟೋದಾಗೆ ಐತೆ!"

ನಾನು ಕುರ್ಚಿಯಿಂದ ನೆಗೆದೆದ್ದೆ. "ಸರ್, ಇದೇ! ಇದೇ ನಮ್ಮ ಊರಿನ ಉದಾಹರಣೆ!"

ಐದೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಧ್ಯಕ್ಷರು ಮಿರ್ಚಿ ಕಚ್ಚಿ, ಕಣ್ಣಲ್ಲಿ ನೀರು ತಂದುಕೊಂಡು, "ಇದಕ್ಕೆ ಮದ್ದೇನ್ರಿ?" ಎಂದರು.

"ನಡುವಿನವರು ಬಾಯಿ ಹಾಕಬಾರದು ಸರ್. ತಿನ್ನೋರೇ ಅಂಗಡಿಯವರಿಗೆ ನೇರ ಹೇಳಬೇಕು."

"ಸರಿ, ನೋಡೇಬಿಡೋಣ" ಎಂದು ಅವರು ಮಾಲೀಕರ ಕಡೆ ತಿರುಗಿ, "ನನಗೆ ಇನ್ನೊಂದು, ಒಂದೇ ಒಂದು ಮಿರ್ಚಿ ಸಾಕು" ಎಂದರು.

"ಒಂದ್ ಯಾಕ್ರಿ, ನಾಕ್ ತಗೋರಿ!" ಎಂದು ಮಾಲೀಕರು ಪ್ಲೇಟಿಗೆ ಸುರಿದೇಬಿಟ್ಟರು.

ಅಧ್ಯಕ್ಷರು ಪ್ಲೇಟನ್ನು ನೋಡಿದರು, ನನ್ನನ್ನು ನೋಡಿದರು, ಎಣ್ಣೆ ಕೈ ಮುಂದೆ ಚಾಚಿ ನನ್ನ ಕೈ ಕುಲುಕಿದರು.

"ಇದಕ್ಕೆ ಮದ್ದಿಲ್ಲ ಬಿಡಿ, ಪ್ರೊಫೆಸರ್ರೇ!"