ಸಮಾಧಾನ ಮೇಷ್ಟ್ರ ಬಲಗಾಲು

ಡ್ರೈವಿಂಗ್ ಸ್ಕೂಲಿನ ಬಿಳಿ ಕಾರು ಬೆಳಗಿನ ಪಾಠ ಮುಗಿಸಿ ಬರುವಷ್ಟರಲ್ಲಿ ಅದರ ವಾಸನೆ ಅದಕ್ಕಿಂತ ಮೊದಲೇ ಬಂದು ಬೀದಿಯಲ್ಲಿ ಹರಡಿತ್ತು. ಪಕ್ಕದ ಅಂಗಡಿಯ ಕ್ಷೌರಿಕ ಗಿರಾಕಿಯ ಗಲ್ಲದ ಮೇಲೆ ನೊರೆಯನ್ನು ಹಾಗೇ ಬಿಟ್ಟು ಹೊರಗೆ ಓಡಿಬಂದ. ಮೂಗರಳಿಸಿ ನಾಲ್ಕೂ ದಿಕ್ಕು ಮೂಸಿದ.

"ಯಾರೋ ಇಸ್ತ್ರಿಪೆಟ್ಟಿಗೆ ಬಟ್ಟೆ ಮೇಲೇ ಮರೆತಿದ್ದಾರೆ" ಎಂದು ತೀರ್ಪು ಕೊಟ್ಟ.

ಇಸ್ತ್ರಿಪೆಟ್ಟಿಗೆ ಅಲ್ಲ. ಕಾರಿನ ಮುಂದಿನ ಚಕ್ರದಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಎಡಗಡೆ ಸೀಟಿನಿಂದ ಸಮಾಧಾನ ಮೇಷ್ಟ್ರು ಏನೂ ಆಗದವರಂತೆ ಇಳಿದು, ಅಂಗಿ ಕೊಡವಿಕೊಂಡು, ಹೊಗೆಯ ಕಡೆ ನೋಡದೆ ಆಕಾಶದ ಕಡೆ ನೋಡಿದರು.

ಊರಿನಲ್ಲಿ ಕಾರು ಕಲಿಸುವವರು ಬೇಕಾದಷ್ಟು ಜನ ಇದ್ದರು. ಆದರೆ ಅವರೆಲ್ಲ ಕಿರುಚುವವರು, ಸ್ಟೀರಿಂಗಿಗೆ ಕೈ ಹಾಕುವವರು, ತಿರುವು ಬಂದರೆ ಬಾಗಿಲ ಮೇಲಿನ ಹಿಡಿ ಹಿಡಿದು ನೇತಾಡುವವರು. ಮೇಷ್ಟ್ರು ಹಾಗಲ್ಲ. ಲಾರಿ ಎದುರಿಗೆ ಬಂದು ನಿಂತರೂ ಮೊಸರಿನಷ್ಟು ತಣ್ಣಗಿನ ದನಿಯಲ್ಲಿ "ಸಮಾಧಾನ, ಸಮಾಧಾನ" ಎನ್ನುತ್ತಿದ್ದರು. ಸ್ಟೀರಿಂಗ್ ಕಂಡರೆ ನಡುಗುತ್ತಿದ್ದವರು ಆ ದನಿ ಕೇಳಿ ಎದೆಯುಬ್ಬಿಸಿ ಓಡಿಸಿದ್ದುಂಟು. ಅವರ ಆ ಗುಣವನ್ನು ಮೆಚ್ಚದವರೇ ಇರಲಿಲ್ಲ, ನಿಜಕ್ಕೂ ಅದು ಮೆಚ್ಚತಕ್ಕದ್ದೇ.

ಆದರೆ ಕಾರು ಕಲಿಸುವ ಕಾರಿಗೆ ಎಡಗಡೆಯೂ ಒಂದು ಬ್ರೇಕ್ ಪೆಡಲ್ ಇರುತ್ತದೆ, ಅದನ್ನು ತುಳಿದರೆ ತಂತಿಯೊಂದು ಬಲಗಡೆಯ ಬ್ರೇಕನ್ನೂ ಎಳೆಯುತ್ತದೆ. ಮೇಷ್ಟ್ರ ಮುಖದಲ್ಲಿ ಸಮಾಧಾನವಿದ್ದರೆ, ಅವರ ಜೀವಭಯವೆಲ್ಲ ಇಳಿದು ಬಲಗಾಲಿನಲ್ಲಿ ಸೇರಿಕೊಂಡಿತ್ತು. ಆ ಕಾಲು ಹತ್ತಿದಾಗಿನಿಂದ ಇಳಿಯುವವರೆಗೂ ಪೆಡಲ್ ಬಿಟ್ಟು ಅಲ್ಲಾಡುತ್ತಿರಲಿಲ್ಲ. ಇದು ಮೇಷ್ಟ್ರಿಗೂ ಅವರ ಕಾಲಿಗೂ ಮಾತ್ರ ಗೊತ್ತಿದ್ದ ಸಂಗತಿ.

ಎದುರಿನ ಶೆಡ್ಡಿನ ಮೆಕ್ಯಾನಿಕ್ ಬಂದು ಚಕ್ರ ಬಿಚ್ಚಿದ. ಒಳಗಿನ ಉಕ್ಕಿನ ತಟ್ಟೆ, ಅಂದರೆ ಬ್ರೇಕ್ ಡಿಸ್ಕು, ಕಾದು ಕಾದು ನವಿಲಿನ ಕತ್ತಿನಂತೆ ನೀಲಿಗಟ್ಟಿತ್ತು. ಅದನ್ನು ಹಿಡಿಯುವ ಪ್ಯಾಡು ಸವೆದು ಸವೆದು ಬರೀ ಕಬ್ಬಿಣ ಉಳಿದಿತ್ತು.

"ಸಾರ್, ಇದು ಬ್ರೇಕ್ ಹಾಕಿ ನಿಲ್ಲಿಸಿದ್ದಲ್ಲ. ಬ್ರೇಕ್ ತುಳ್ಕೊಂಡೇ ಓಡಿಸಿರೋದು" ಎಂದ.

ಸ್ಕೂಲಿನ ಮಾಲೀಕರು ಸೊಂಟದ ಮೇಲೆ ಕೈಯಿಟ್ಟು ನಿಂತರು. ಅವರು ಮೇಷ್ಟ್ರ ಹೆಂಡತಿಯ ಅಣ್ಣ. ಇವರು ಅವರನ್ನು ಭಾವ ಎನ್ನುತ್ತಿದ್ದರು, ಅವರು ಇವರನ್ನು ಭಾವ ಎನ್ನುತ್ತಿದ್ದರು. ಯಾವ ಭಾವ ಯಾವ ಭಾವನ ಮೇಲೆ ರೇಗುತ್ತಿದ್ದಾರೆ ಎಂಬುದು ದನಿಯ ಮೇಲೆ ಗೊತ್ತಾಗಬೇಕಿತ್ತು.

"ಮೊನ್ನೆ ಮೊನ್ನೆ ಹಾಕಿಸಿದ್ದು. ತುಳಿದೋರು ಯಾರು ಭಾವ?"

"ಕಲಿಯೋರು ಅಂದಮೇಲೆ ತುಳೀತಾರೆ ಭಾವ. ಆ ಟೈಲರಮ್ಮ ಇದ್ದಾರಲ್ಲ..." ಬಾಯಿಗೆ ಬಂದ ಹೆಸರು ಹೇಳಿಬಿಟ್ಟರು. ಹೇಳಿದ ಮೇಲೆ ಅವರಿಗೇ ಒಂಥರಾ ಆಯಿತು.

ಟೈಲರಮ್ಮ ಎಂದರೆ ಮೂಲೆಯ ಹೊಲಿಗೆ ಅಂಗಡಿಯಾಕೆ. ತಲೆ ನರೆತ ಮೇಲೆ ಕಾರು ಕಲಿಯಲು ಹೊರಟ ಗಟ್ಟಿಗಿತ್ತಿ. ಹೊಲಿದ ಸಮವಸ್ತ್ರದ ಗಂಟುಗಳನ್ನು ಶಾಲೆಗಳಿಗೆ ಮುಟ್ಟಿಸಲು ದಿನಾ ತಮ್ಮನ ಮಗನ ಕಾಲು ಹಿಡಿಯುವುದು ಸಾಕಾಗಿ, ಹಳೆಯ ವ್ಯಾನೊಂದನ್ನು ಕೊಂಡು ಅಂಗಡಿಯ ಮುಂದೆ ನಿಲ್ಲಿಸಿದ್ದಳು. ಲೈಸೆನ್ಸಿನ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದಳು. ಎರಡು ಸಲವೂ ಬ್ರೇಕ್ ಹಾಕಬೇಕಾದ ಕಡೆ ಹಾಕಲಿಲ್ಲ ಎಂದೇ ಫೇಲು. ಮೂರನೆಯ ಪರೀಕ್ಷೆ ಅಂದು ಮಧ್ಯಾಹ್ನವೇ ಇತ್ತು.

"ಬ್ರೇಕೇ ಹಾಕಲ್ಲ ಅಂತ ಫೇಲಾದೋರು ಬ್ರೇಕ್ ಸುಟ್ರಾ?" ಕ್ಷೌರಿಕ ಮೂಗು ತೂರಿಸಿದ. ಅವನ ಗಿರಾಕಿಯೂ ನೊರೆಮೆತ್ತಿದ ಮುಖದಲ್ಲೇ ಬಂದು ಹಿಂದೆ ನಿಂತಿದ್ದ.

ಮಾಲೀಕರು ತೀರ್ಮಾನ ಮಾಡಿಬಿಟ್ಟರು. "ಇವತ್ತು ಹೊಸ ಡಿಸ್ಕು, ಹೊಸ ಪ್ಯಾಡು. ಟೈಲರಮ್ಮನ ಬಿಟ್ಟು ಬೇರೆ ಯಾರೂ ಓಡಿಸೋ ಹಾಗಿಲ್ಲ. ನೀವು ಆ ಪೆಡಲ್ ಮುಟ್ಟೋ ಹಾಗಿಲ್ಲ. ಸಾಯಂಕಾಲ ಚಕ್ರ ಬಿಚ್ಚಿಸ್ತೀನಿ. ಡಿಸ್ಕು ನೀಲಿಯಾಗಿದ್ರೆ ತಪ್ಪು ಅವರ ಕಾಲಿಂದು, ಅವರಿಗೆ ಪಾಠ ಬಂದ್."

"ನೀಲಿ ಆಗದೇ ಇದ್ರೆ?"

"ತಪ್ಪು ನಿಮ್ಮ ಕಾಲಿಂದು. ಎಡಗಡೆ ಸೀಟಿಗೆ ಬೇರೆಯವರನ್ನ ಹುಡುಕ್ತೀನಿ. ನೀವು ಒಳಗೆ ಕೂತು ಅರ್ಜಿ ತುಂಬಿಸಿ."

ಅರ್ಜಿ ತುಂಬಿಸುವ ಮೂಲೆಯಲ್ಲಿ ಫ್ಯಾನು ಕೂಡ ಇರಲಿಲ್ಲ. ಇಡೀ ಊರು ಮೆಚ್ಚಿದ ಸಮಾಧಾನವನ್ನು ಆ ಮೂಲೆಯಲ್ಲಿ ಯಾರಿಗೆ ತೋರಿಸುವುದು?

ಮೆಕ್ಯಾನಿಕ್ ಕೆಲಸ ಮುಗಿಸಿ ಬೀಗದಕೈ ಕೊಡುವಾಗ ಶೆಡ್ಡಿನೊಳಗೆ ಯಾರೋ ಗ್ರೈಂಡರ್ ಹಚ್ಚಿದರು. ಕಬ್ಬಿಣ ಉಜ್ಜುವ ಸದ್ದಿಗೆ ಕಿವಿ ತೂತು ಬೀಳುವಂತಾಯಿತು.

"ಮೇಷ್ಟ್ರೆ, ಎಡಗಡೆ ಪೆಡಲ್ದು ತಂತಿ ಬಿ...ದೀನಿ! ಹೊಸ... ನಾಳೆ..." ಅವನು ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ.

ಬಿಗಿದಿದೀನಿ ಎಂದನಲ್ಲ, ಒಳ್ಳೆಯದೇ ಆಯಿತು ಎಂದುಕೊಂಡರು ಮೇಷ್ಟ್ರು. ಮುಟ್ಟಲೇಬಾರದ ಪೆಡಲ್ಲು ಬಿಗಿಯಾಗಿದ್ದರೆಷ್ಟು, ಸಡಿಲವಾಗಿದ್ದರೆಷ್ಟು. "ಆಯ್ತು, ಆಯ್ತು" ಎಂದು ಕೈಯೆತ್ತಿ ಹೊರಟೇಬಿಟ್ಟರು.

ಟೈಲರಮ್ಮ ಕೊರಳಲ್ಲಿ ಅಳತೆ ಟೇಪು ಹಾಗೇ ಇಟ್ಟುಕೊಂಡು ಬಂದು ಸ್ಟೀರಿಂಗಿನ ಮುಂದೆ ಕೂತಳು. ಕಾರು ಹೊರಟಿತು. ಮೇಷ್ಟ್ರು ಬಲಗಾಲನ್ನು ಎಡಗಾಲಿನ ಕೆಳಗೆ ತುರುಕಿ ಕೂತರು. ಹಟಮಾರಿ ಮಗುವನ್ನು ಮೂಲೆಯಲ್ಲಿ ಕೂರಿಸಿದ ಹಾಗೆ.

ಬೀದಿಯ ಕೊನೆಯಲ್ಲಿ ನೀರಿನ ಟ್ಯಾಂಕರೊಂದು ಹಿಂದಕ್ಕೆ ಬರುತ್ತಿತ್ತು.

"ಸಮಾಧಾನ..." ಎಂದವು ತುಟಿಗಳು. ಅಷ್ಟರಲ್ಲಿ ಬಲಗಾಲು ಹೇಳದೆ ಕೇಳದೆ ಹೊರಗೆ ಬಂದು ಪೆಡಲ್ ಮೇಲೆ ಬಿದ್ದಿತ್ತು. ಟಪ್! ಕಾರು ನಯವಾಗಿ ನಿಂತಿತು. ಟ್ಯಾಂಕರಿಗೂ ಇವರಿಗೂ ನಡುವೆ ಒಂದು ಎಮ್ಮೆ ಆರಾಮಾಗಿ ದಾಟುವಷ್ಟು ಜಾಗ ಉಳಿದಿತ್ತು.

ಇದೊಂದು ಸಲ ಎಂದುಕೊಂಡರು ಮೇಷ್ಟ್ರು. ಆಮೇಲೆ ತರಕಾರಿ ಗಾಡಿ ಅಡ್ಡ ಬಂತು, ಟಪ್. ಶಾಲೆಯ ಗೇಟು ತೆರೆದು ಮಕ್ಕಳು ಚೆಲ್ಲಿಕೊಂಡರು, ಟಪ್ ಟಪ್. ಪ್ರತಿ ಸಲವೂ ಕಾರು ಅವರು ಅಂದುಕೊಂಡಲ್ಲೇ, ಅಂದುಕೊಂಡದ್ದಕ್ಕಿಂತ ಮೆತ್ತಗೆ ನಿಲ್ಲುತ್ತಿತ್ತು. ಮೇಷ್ಟ್ರಿಗೆ ತಮ್ಮ ಕಾಲಿನ ಬಗ್ಗೆ ಹೆಮ್ಮೆಯಾಯಿತು, ಟೈಲರಮ್ಮನ ಬಗ್ಗೆ ಅಯ್ಯೋ ಎನಿಸಿತು. ಡಿಸ್ಕು ಕಾಯುತ್ತಿರುತ್ತದೆ, ಸಾಯಂಕಾಲ ನೀಲಿಯಾಗಿರುತ್ತದೆ, ಪಾಪ ಈಕೆಯ ಪಾಠ ನಿಲ್ಲುತ್ತದೆ. ಮಾಡದ ತಪ್ಪಿಗೆ ಈ ಹೆಂಗಸಿಗೆ ಶಿಕ್ಷೆ. ಕಾಲಿಗೆ ಮನಸ್ಸಿನಲ್ಲೇ ಬೈದರು. ಕಾಲು ಕೇಳಲಿಲ್ಲ.

"ಮೇಷ್ಟ್ರೆ, ಇವತ್ತು ಬ್ರೇಕು ಚೆನ್ನಾಗಿದೆ" ಎಂದಳು ಟೈಲರಮ್ಮ. "ಇಷ್ಟು ದಿನ ನಾನು ಕಾಲಿಡೋ ಮೊದಲೇ ಪೆಡಲ್ಲು ತಾನಾಗೇ ಇಳಿದುಹೋಗ್ತಿತ್ತು, ಯಾವ್ದೋ ದೆವ್ವ ತುಳಿದ ಹಾಗೆ. ಇವತ್ತು ನನ್ನ ಮೆಷಿನ್ ಇದ್ದ ಹಾಗಿದೆ. ಎಷ್ಟು ಕೊಟ್ರೆ ಅಷ್ಟೇ."

"ಹೊಸ ಪ್ಯಾಡು" ಎಂದರು ಮೇಷ್ಟ್ರು, ಬೆವರು ಒರೆಸಿಕೊಳ್ಳುತ್ತ.

ಗುಡ್ಡದ ರಸ್ತೆಯ ಇಳಿಜಾರಿನಲ್ಲಿ ಮೇಷ್ಟ್ರ ಬಲಗಾಲು ಹಬ್ಬ ಮಾಡಿತು. ತಿರುವಿನ ಮೇಲೆ ತಿರುವು. ಟಪ್ ಟಪ್ ಟಪಟಪ. ಟೈಲರಮ್ಮ ಮಾತ್ರ ಮೇಷ್ಟ್ರೇ ಹೇಳಿಕೊಟ್ಟಂತೆ ಎರಡನೇ ಗೇರಿಗೆ ಇಳಿಸಿ, ಇಂಜಿನ್ನಿಗೇ ಕಾರನ್ನು ತಡೆಯಲು ಬಿಟ್ಟು, ಬೇಕಾದಲ್ಲಿ ಹೂವಿನ ಮೇಲೆ ಕಾಲಿಟ್ಟಂತೆ ಬ್ರೇಕ್ ಮುಟ್ಟುತ್ತಿದ್ದಳು. ಎಷ್ಟೋ ವರ್ಷ ಹೊಲಿಗೆ ಮೆಷಿನ್ನಿನ ಪೆಡಲ್ ತುಳಿದ ಕಾಲು ಅದು. ಕಾಲರಿನ ಮೂಲೆ ಬಂದಾಗ ಒಂದೇ ಹೊಲಿಗೆ ಹಾಕಿ ನಿಲ್ಲಿಸಬಲ್ಲ ಕಾಲು. ನೋಡುವ ಕಣ್ಣಿದ್ದಿದ್ದರೆ ಮೇಷ್ಟ್ರು ಕೈಮುಗಿಯುತ್ತಿದ್ದರು. ಅವರು ಕಣ್ಣು ಮುಚ್ಚಿಕೊಂಡಿದ್ದರು.

ಪರೀಕ್ಷೆಯ ಮೈದಾನದಲ್ಲಿ ಎಡಗಡೆ ಸೀಟು ಪರೀಕ್ಷಾಧಿಕಾರಿಗೆ ಹೋಯಿತು, ಮೇಷ್ಟ್ರು ಹಿಂದಕ್ಕೆ ಹೋದರು. ಹಿಂದೆ ಪೆಡಲ್ ಇಲ್ಲ ಎಂಬುದು ಕಾಲಿಗೆ ಗೊತ್ತಾಗಬೇಕಲ್ಲ. ಮೊದಲ ತಿರುವಿನಲ್ಲೇ ಮುಂದಿನ ಸೀಟಿಗೆ ಒದ್ದಿತು.

"ಯಾರ್ರೀ ಅದು ಬೆನ್ನಿಗೆ ಗುದ್ದೋದು?" ಅಧಿಕಾರಿ ಹಿಂದೆ ತಿರುಗಿದರು.

"ಸಮಾಧಾನ ಸಾರ್, ಸಮಾಧಾನ" ಎಂದರು ಮೇಷ್ಟ್ರು. ಮತ್ತೆ ಒದ್ದರು.

"ಇನ್ನೊಂದು ಸಲ ಒದ್ರೆ ನಿಮ್ಮನ್ನ ಇಳಿಸಿಬಿಡ್ತೀನಿ. ಓಡಿಸ್ತಾ ಇರೋದು ಅವರು, ಬ್ರೇಕ್ ಹಾಕೋರು ಅವರು, ನಿಮಗೇನ್ರೀ ಸಂಕಟ?"

ಟೈಲರಮ್ಮ ನಿಲ್ಲಿಸಬೇಕಾದ ಗೆರೆಯ ಮೇಲೆ ಕಾರನ್ನು ಸೂಜಿಗೆ ದಾರ ಪೋಣಿಸಿದ ಹಾಗೆ ತಂದು ನಿಲ್ಲಿಸಿದಳು. ಅಧಿಕಾರಿ ಇಳಿದು ಗೆರೆಯನ್ನೂ ಚಕ್ರವನ್ನೂ ನೋಡಿ, "ಅಮ್ಮಾ, ಹೀಗೆ ನಿಲ್ಲಿಸೋದು ನನಗೂ ಬರಲ್ಲ" ಎಂದರು. ಪಾಸು!

ಆಕೆ ಪಾಸಾದದ್ದು ಮೇಷ್ಟ್ರಿಗೆ ನಿಜವಾಗಿಯೂ ಸಂತೋಷ ತಂದಿತು. ಅಧಿಕಾರಿಯೂ ಗುಟ್ಟಾಗಿ ಎಡಗಡೆ ಪೆಡಲ್ ತುಳಿದಿರಬೇಕು, ಒಳ್ಳೆ ಮನುಷ್ಯ ಎಂದುಕೊಂಡರು. ಇನ್ನು ಪಾಠ ನಿಂತರೂ ಈಕೆಗೆ ನಷ್ಟವಿಲ್ಲ. ಡಿಸ್ಕು ನೀಲಿಯಾಗಿರುತ್ತದೆ, ತಮ್ಮ ಸೀಟೂ ಉಳಿಯುತ್ತದೆ. ಎಲ್ಲರಿಗೂ ಒಳ್ಳೆಯದೇ ಆಯಿತು ಎಂದು ನಿಟ್ಟುಸಿರು ಬಿಟ್ಟರು.

ಸಾಯಂಕಾಲ ಮೆಕ್ಯಾನಿಕ್ ಚಕ್ರ ಬಿಚ್ಚುವಾಗ ಅರ್ಧ ಬೀದಿಯೇ ಸುತ್ತ ನಿಂತಿತ್ತು. ಕ್ಷೌರಿಕ ಬಾಚಣಿಗೆ ಕಿವಿಗೆ ಸಿಕ್ಕಿಸಿಕೊಂಡು ಎಲ್ಲರಿಗಿಂತ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಟೈಲರಮ್ಮ ಕೈಯಲ್ಲಿ ಸಿಹಿಯ ಪೊಟ್ಟಣ ಹಿಡಿದಿದ್ದಳು. ಚಕ್ರ ಹೊರಬಂತು.

ಡಿಸ್ಕು ಕನ್ನಡಿಯಂತೆ ಫಳಫಳ ಹೊಳೆಯಿತು. ನೀಲಿಯ ನೆರಳೂ ಇಲ್ಲ. ಕ್ಷೌರಿಕ ಅದರಲ್ಲಿ ಮುಖ ನೋಡಿಕೊಂಡು ಮೀಸೆ ಸರಿಮಾಡಿಕೊಂಡ.

ಮಾಲೀಕರು ಒಂದೇ ಮಾತು ಹೇಳಿದರು. "ಒಳಗೆ ಬನ್ನಿ ಭಾವ. ಅರ್ಜಿಗಳು ಕಾಯ್ತಿವೆ."

ಮೇಷ್ಟ್ರ ಕಣ್ಣಿಗೆ ಫ್ಯಾನಿಲ್ಲದ ಮೂಲೆ ಕಾಣಿಸಿತು. ಮುಳುಗುವವನಿಗೆ ಹಗ್ಗ ಸಿಕ್ಕಂತೆ ಒಂದು ಉಪಾಯ ಹೊಳೆಯಿತು.

"ನಿಲ್ಲಿ ಭಾವ! ನಾನು ಪೆಡಲ್ ಮುಟ್ಟಲಿಲ್ಲ ಅಂತ ಯಾರು ಹೇಳಿದ್ರು? ಮುಟ್ಟಿದೀನಿ! ಮುಟ್ಟೋದೇನು, ತುಳಿದಿದೀನಿ! ಟ್ಯಾಂಕರಿಗೆ ತುಳಿದೆ, ತರಕಾರಿ ಗಾಡಿಗೆ ತುಳಿದೆ, ಗುಡ್ಡದ ಮೇಲಿಂದ ಕೆಳಗಿನವರೆಗೂ ಕಾಲೇ ಎತ್ತಲಿಲ್ಲ. ನನ್ನ ಕಾಲಿಂದ ಸುಡೋದಾಗಿದ್ರೆ ಇವತ್ತು ಈ ಡಿಸ್ಕು ಬೂದಿ ಆಗಿರಬೇಕಿತ್ತು. ಆಗಿದೆಯಾ? ನೋಡಿ! ಅಂದ್ರೆ ತಪ್ಪು ನನ್ನ ಕಾಲಿಂದೂ ಅಲ್ಲ, ಟೈಲರಮ್ಮಂದೂ ಅಲ್ಲ. ಹಳೇ ಪ್ಯಾಡಿಂದು!"

ಬೀದಿ ತಲೆದೂಗಿತು. "ಪಾಯಿಂಟ್ ಇದೆ" ಎಂದ ಕ್ಷೌರಿಕ. ಮಾಲೀಕರ ಹುಬ್ಬು ಕೂಡ ಸಡಿಲಾಯಿತು. ಮೇಷ್ಟ್ರು ಎದೆಯುಬ್ಬಿಸಿ ನಿಂತರು.

ಮೆಕ್ಯಾನಿಕ್ ಮಾತ್ರ ಸ್ಪ್ಯಾನರ್ ಹಿಡಿದುಕೊಂಡು ಬಾಯಿ ಬಿಟ್ಟು ನೋಡುತ್ತಿದ್ದ.

"ಯಾವ ಪೆಡಲ್ ತುಳಿದ್ರಿ ಮೇಷ್ಟ್ರೆ?"

"ಎಡಗಡೇದು. ನೀನೇ ಬಿಗಿದಿದ್ದೆಯಲ್ಲ."

"ಬಿಗಿದಿದ್ನಾ? ಬಿಚ್ಚಿದೀನಿ ಅಂದ್ನಲ್ಲ! ತುಳಿದೂ ತುಳಿದೂ ತಂತಿ ಎಳೆ ಎಳೆ ಎದ್ದಿತ್ತು. ಬಿಚ್ಚಿದೀನಿ, ಹೊಸದು ನಾಳೆ ಬರುತ್ತೆ, ಅಲ್ಲೀವರೆಗೂ ಆ ಪೆಡಲ್ ನಂಬ್ಕೋಬೇಡಿ ಅಂತ ಗಂಟಲು ಹರ್ಕೊಂಡು ಕೂಗಿದೆ. ನೀವು ಆಯ್ತು ಆಯ್ತು ಅಂದ್ರಿ. ಬೆಳಿಗ್ಗೆಯಿಂದ ಆ ಪೆಡಲ್ಲಿಗೂ ಬ್ರೇಕಿಗೂ ಸಂಬಂಧಾನೇ ಇಲ್ಲ ಸಾರ್."

ಪೆಡಲ್ಲಿಗೆ ತಂತಿ ಇದ್ದಷ್ಟು ದಿನ ಡಿಸ್ಕು ಸುಟ್ಟಿತ್ತು, ಬಿಚ್ಚಿದ ದಿನ ಹೊಳೆಯುತ್ತಿತ್ತು. ಇನ್ನು ಸಾಕ್ಷಿ ಬೇಕಿರಲಿಲ್ಲ. ಇದ್ದ ಒಬ್ಬ ಸಾಕ್ಷಿ ಮೇಷ್ಟ್ರೇ, ಅವರು ಆಗಲೇ ಎಲ್ಲರೆದುರು ಹೇಳಿ ಮುಗಿಸಿದ್ದರು.

"ಅಯ್ಯೋ" ಎಂದಳು ಟೈಲರಮ್ಮ. "ಹಾಗಾದ್ರೆ ಆ ಟಪ್ ಟಪ್ ಅಂತಿದ್ದದ್ದು ತಾಳ ಅಲ್ವಾ? ಮೇಷ್ಟ್ರು ಮನಸ್ಸಲ್ಲೇ ಯಾವ್ದೋ ಹಾಡು ಹೇಳ್ಕೊಂಡು ತಾಳ ಹಾಕ್ತಿದ್ದಾರೆ ಅನ್ಕೊಂಡೆ. ಇಳಿಜಾರಲ್ಲೂ ಇಷ್ಟು ಆರಾಮಾಗಿದ್ದಾರಲ್ಲ, ನಾನ್ಯಾಕೆ ಹೆದರಲಿ ಅಂತಲೇ ನಾನು ಓಡಿಸಿದ್ದು!"

ನಗುವಿಗೆ ಬೀದಿ ಬಿದ್ದುಹೋಯಿತು. ಮೇಷ್ಟ್ರು ತಲೆ ತಗ್ಗಿಸಿದರು. ದಿನವಿಡೀ ಈಕೆಯ ಜೀವ ಕಾಪಾಡಿದೆನೆಂದುಕೊಂಡಿದ್ದರು, ಈಕೆ ಅವರ ಜೀವ ಕಾಪಾಡಿದ್ದಳು. ನಾಚಿಕೆಯ ನಡುವೆಯೂ ಅವರಿಗೆ ಟೈಲರಮ್ಮನ ಮೇಲೆ ಗೌರವ ಉಕ್ಕಿ ಬಂತು. "ಅಮ್ಮಾ, ಆ ಗುಡ್ಡ ನೀವೊಬ್ಬರೇ ಇಳಿಸಿದ್ರಾ?" ಎಂದು ಮೆಲ್ಲಗೆ ಕೇಳಿದರು.

"ಒಬ್ಬಳೇ ಎಲ್ಲಿ? ಕಲಿಸಿದ್ದು ನಿಮ್ಮ ಬಾಯಿ ಮೇಷ್ಟ್ರೆ, ಅದರಲ್ಲಿ ಎರಡು ಮಾತಿಲ್ಲ. ಸುಟ್ಟಿದ್ದು ನಿಮ್ಮ ಕಾಲು." ಆಕೆ ಸಿಹಿಯ ಪೊಟ್ಟಣ ಬಿಚ್ಚಿ ಮಾಲೀಕರ ಮುಂದೆ ಹಿಡಿದಳು. "ಇವರನ್ನ ಮೂಲೇಲಿ ಕೂರಿಸಬೇಡಿ ಸಾರ್. ಕಾಲು ಪಳಗಿದ್ರೆ ಇವರಂಥ ಮೇಷ್ಟ್ರು ಸಿಗಲ್ಲ. ನನ್ನ ಹತ್ರ ಕಳಿಸಿ, ನಾನು ಪಳಗಿಸ್ತೀನಿ."

ಮಾಲೀಕರು ಸಿಹಿ ಬಾಯಿಗೆ ಹಾಕಿಕೊಂಡು ಯೋಚಿಸಿದರು. "ಸರಿ. ಟೈಲರಮ್ಮ ಪಾಸು ಅನ್ನೋವರೆಗೂ ಎಡಗಡೆ ಸೀಟು ಇಲ್ಲ ಭಾವ."

"ನಾನು ಹೊಲಿಗೆ ಕಲೀಬೇಕಾ?" ಮೇಷ್ಟ್ರು ಗಾಬರಿಯಾದರು.

"ಹೊಲಿಯೋದು ಆಮೇಲೆ. ಮೊದಲು ಕರೆಂಟ್ ಮೆಷಿನ್ನಿನ ಪೆಡಲ್ ಮೇಲೆ ಸುಮ್ಮನೆ ಕಾಲಿಟ್ಟು ಕೂರೋದು. ಮೆಷಿನ್ ಓಡಬಾರದು. ಅಷ್ಟೇ ಪಾಠ."

ಅದೇ ಸಾಯಂಕಾಲ ಟೈಲರಮ್ಮ ತನ್ನ ವ್ಯಾನಿನಲ್ಲಿ ಸಮವಸ್ತ್ರದ ಗಂಟುಗಳನ್ನು ಹೇರಿಕೊಂಡು, ದಾರಿಯಲ್ಲಿ ಮೇಷ್ಟ್ರನ್ನು ಮನೆಗೆ ಬಿಡುತ್ತೇನೆಂದು ಹತ್ತಿಸಿಕೊಂಡಳು. ವ್ಯಾನಿನಲ್ಲಿ ಎಡಗಡೆ ಪೆಡಲ್ಲೇ ಇರಲಿಲ್ಲ. ಮೊದಲ ತಿರುವಿಗೆ ಬರುತ್ತಲೇ ಮೇಷ್ಟ್ರ ಕಾಲ ಕೆಳಗಿನ ತಗಡು ಟಪ್ಪೆಂದು ಸದ್ದು ಮಾಡಿತು.

ಟೈಲರಮ್ಮ ರಸ್ತೆಯಿಂದ ಕಣ್ಣು ಕೀಳಲಿಲ್ಲ.

"ಸಮಾಧಾನ ಮೇಷ್ಟ್ರೆ, ಸಮಾಧಾನ" ಎಂದಳು. ದನಿ ಮೊಸರಿನಷ್ಟು ತಣ್ಣಗಿತ್ತು.

ಮೇಷ್ಟ್ರು ಬಲಗಾಲನ್ನು ಎಡಗಾಲಿನ ಕೆಳಗೆ ತುರುಕಿ ಕೂತರು.