ದೊಡ್ಡಪ್ಪನ ಪೇಶಾವರ

ನಮ್ಮ ದೊಡ್ಡಪ್ಪನಷ್ಟು ಪೇಶಾವರವನ್ನು ಬಲ್ಲವರು ಖುದ್ದು ಪೇಶಾವರದಲ್ಲಿಯೂ ಇದ್ದಾರೆಂದು ನನಗೆ ನಂಬಿಕೆಯಿಲ್ಲ. ಆ ಪಠಾಣರ ಊರಿಗೆ ಅವರು ಒಮ್ಮೆಯೂ ಹೋಗಿರಲಿಲ್ಲ ಎಂಬುದು ಅವರ ಪಾಂಡಿತ್ಯದಲ್ಲಿದ್ದ ಒಂದೇ ಒಂದು ಸಣ್ಣ ಲೋಪ. ಭದ್ರಾವತಿ ಬಿಟ್ಟರೆ ಅವರು ಕಂಡ ಅತಿ ದೂರದ ನಗರ ದಾವಣಗೆರೆ. ಅಲ್ಲಿಂದಲೂ ನೀರು ಒಗ್ಗಲಿಲ್ಲವೆಂದು ಮಾರನೆಯ ದಿನವೇ ಹಿಂದಿರುಗಿದ್ದರು.

ಹಳೆಯ ಪೇಶಾವರದ ಕೋಟೆಗೆ ಹದಿನಾರು ಬಾಗಿಲು. ಹದಿನಾರನ್ನೂ ದೊಡ್ಡಪ್ಪ ಮಗ್ಗಿ ಒಪ್ಪಿಸುವಂತೆ ಒಂದೇ ಉಸಿರಿಗೆ ಹೇಳುತ್ತಿದ್ದರು. ಅವರ ಸ್ವಂತ ಮನೆಗೆ ಇದ್ದದ್ದು ಎರಡೇ ಬಾಗಿಲು. ಹಿಂಬಾಗಿಲಿನ ಚಿಲಕ ಮರೆತು ಅವರು ಬೆಕ್ಕಿಗೆ ಹಾಲೆರೆಯದ ದಿನವೇ ಇರಲಿಲ್ಲ!

"ನನ್ನ ತೌರುಮನೆ ಶಂಕರಘಟ್ಟ. ಬಸ್ ಹತ್ತಿದ್ರೆ ಅರ್ಧ ಗಂಟೆ," ಎನ್ನುತ್ತಿದ್ದರು ದೊಡ್ಡಮ್ಮ. "ಅಲ್ಲಿ ನಮ್ಮನೆ ಎಡಕ್ಕೋ ಬಲಕ್ಕೋ ಅಂತ ಇವತ್ತಿಗೂ ಗೊತ್ತಿಲ್ಲ ಈ ಮಾರಾಯರಿಗೆ!"

ನನಗೆ ಹೆಣ್ಣು ನೋಡಲು ಕುಂಸಿಗೆ ಹೋದಾಗ ಹಿರಿಯರೆಂದು ಇವರನ್ನೇ ಮುಂದೆ ಕೂರಿಸಿದ್ದು ನಮ್ಮ ತಪ್ಪು. ಹುಡುಗಿಯ ತಂದೆ ಸಜ್ಜನರು, ಬೇಸಾಯಗಾರರು. "ಈ ಸಲ ಮೆಕ್ಕೆಜೋಳ ಕೈಕೊಡ್ತು ನೋಡಿ," ಎಂದರು.

"ನಮ್ಮ ಕಡೆ ಹಾಗಿಲ್ಲ," ಎಂದರು ದೊಡ್ಡಪ್ಪ. "ಕಬ್ಬು, ಮೆಕ್ಕೆಜೋಳ, ಪೀಚ್ ಹಣ್ಣಿನ ತೋಟ, ಏನು ಹಾಕಿದ್ರೂ ಬರುತ್ತೆ. ನಾಲೆ ಇದೆಯಲ್ಲ!"

"ಭದ್ರಾ ನಾಲೇನಾ?"

"ಛೇ, ಅದೆಲ್ಲಿ ಸಾಲುತ್ತೆ? ಕಾಬೂಲ್ ನದಿದು."

"ಬೇಸಿಗೇಲೂ ನೀರು ಇರುತ್ತಾ?"

"ಬೇಸಿಗೇಲೇ ಜಾಸ್ತಿ. ಮೇಲೆ ಹಿಮ ಕರಗುತ್ತಲ್ಲ!"

ಬೀಗರಾಗಲಿದ್ದವರ ಕೈಯ ಕಾಫಿ ಲೋಟ ಬಾಯಿಗೆ ತಲುಪದೆ ಅರ್ಧ ದಾರಿಯಲ್ಲೇ ನಿಂತಿತು. ಒಳಬಾಗಿಲಲ್ಲಿದ್ದ ಹುಡುಗಿ ಮಾತ್ರ ಕಿಸಕ್ಕನೆ ನಕ್ಕಳು. ನಾನು ಆ ಕ್ಷಣವೇ ಒಪ್ಪಿದೆ. ನನ್ನ ಸಂಸಾರವು ಕಾಬೂಲ್ ನದಿಯ ನೀರಾವರಿಯ ಫಲವೆಂಬುದನ್ನು ಇಲ್ಲಿ ವಿನಯಪೂರ್ವಕವಾಗಿ ದಾಖಲಿಸುತ್ತೇನೆ.

ಇಷ್ಟೆಲ್ಲ ವಿದ್ಯೆ ಇವರಿಗೆ ಎಲ್ಲಿಂದ ಬಂತು? ಗುರುಗಳು ಖಾನ್ ಸಾಬರು. ಕಬ್ಬಿಣದ ಕಾರ್ಖಾನೆಯ ಕುಲುಮೆಯ ಮುಂದೆ ದೊಡ್ಡಪ್ಪನೂ ಅವರೂ ಮೂವತ್ತು ವರ್ಷ ಒಂದೇ ಪಾಳಿ. ಪೇಶಾವರದ ಹೊರಗಿನ ಹಳ್ಳಿಯೊಂದರಿಂದ ಖಾನ್ ಸಾಬರ ತಂದೆ ಹರೆಯದಲ್ಲಿ ಹಿಂಗು ಮಾರುತ್ತಾ ಬಂದು, ಭದ್ರಾವತಿಯಲ್ಲಿ ಕೂಲಿಗೆ ನಿಂತು, ಇಲ್ಲಿಯೇ ಮಣ್ಣಾದವರು. ಮಧ್ಯೆ ದೇಶ ಎರಡಾಯಿತು. ಹಿಂದಿರುಗುವ ಮಾತು ಅಲ್ಲಿಗೆ ಮುಗಿಯಿತು. ತಂದೆ ಮಗನಿಗೆ ಹೇಳಿದ್ದನ್ನು ಮಗ ಬುತ್ತಿ ಬಿಚ್ಚುವ ಹೊತ್ತಿನಲ್ಲಿ ನಮ್ಮ ದೊಡ್ಡಪ್ಪನಿಗೆ ಹೇಳಿದರು. ದೊಡ್ಡಪ್ಪ ಕೇಳದವರನ್ನೂ ಹಿಡಿದು ನಿಲ್ಲಿಸಿ ಲೋಕಕ್ಕೆಲ್ಲ ಹೇಳಿದರು.

ಇಬ್ಬರೂ ನಿವೃತ್ತರಾದ ಮೇಲೆ ಖಾನ್ ಸಾಬರಿಗೆ ಲಕ್ವ ಹೊಡೆಯಿತು. ಕೈಕಾಲು ಹೇಗೋ ಹಿಂದಿರುಗಿದವು. ನೆನಪು ಅರ್ಧ ಮಾತ್ರ ಹಿಂದಿರುಗಿತು. ಭದ್ರಾವತಿ ಉಳಿಯಿತು, ಪೇಶಾವರ ಹೋಯಿತು.

"ನಮ್ಮ ಅಬ್ಬಾ ಹೇಳಿದ್ದು ಒಂದೂ ಸಿಗ್ತಿಲ್ಲ ಮಾರಾಯ," ಎಂದು ಅವರು ನನ್ನೆದುರಿಗೇ ಅತ್ತರು. "ಅವ್ರು ಎರಡನೇ ಸಲ ತೀರ್ಕೊಂಡ ಹಾಗಾಯ್ತು."

"ಎಲ್ಲಿಗೆ ಹೋಗುತ್ತೋ? ಹೇಳಿ ಹೇಳಿ ನನ್ನ ತಲೆ ತಿಂದಿದ್ದೀಯಲ್ಲ, ಎಲ್ಲಾ ಇಲ್ಲೇ ಇದೆ," ಎಂದು ದೊಡ್ಡಪ್ಪ ತಮ್ಮ ಬೋಳು ತಲೆಯನ್ನು ತಟ್ಟಿ ತೋರಿಸಿದರು.

ಅಂದಿನಿಂದ ದಿನಾ ಸಂಜೆ ಖಾನ್ ಸಾಬರ ಜಗಲಿಯ ಮೇಲೆ ಪಾಠ.

"ನಿಮ್ಮಪ್ಪನ ಮನೆ ಬಾಗಿಲು ಯಾವ ದಿಕ್ಕಿಗೆ?"

"ಅರೇ, ಯಾವ ಮನೆ?"

"ಥೂ ನಿನ್ನ! ನಾಲೆ ಕಡೆಗೆ ಕಣೋ! ಅಂಗಳದಲ್ಲಿ ಏನಿತ್ತು?"

"ನೀನೇ ಹೇಳು."

"ಆಲೆಮನೆ!"

ಖಾನ್ ಸಾಬರು ಯಾರದೋ ಊರಿನ ಸುದ್ದಿ ಕೇಳಿದವರಂತೆ ಸೌಜನ್ಯದಿಂದ ತಲೆಯಾಡಿಸುತ್ತಿದ್ದರು. ಆ ಸೌಜನ್ಯವೇ ದೊಡ್ಡಪ್ಪನಿಗೆ ಸಹಿಸಲಾಗುತ್ತಿರಲಿಲ್ಲ. ಕಡೆಗೊಂದು ಚಳಿಯ ಬೆಳಿಗ್ಗೆ ಗೆಳೆಯನನ್ನೂ ನನ್ನನ್ನೂ ಆಟೋಗೆ ತುಂಬಿ, "ಪೇಶಾವರಕ್ಕೆ ನಡಿಯಪ್ಪ," ಎಂದು ಅಪ್ಪಣೆ ಕೊಡಿಸಿದರು.

ಡ್ರೈವರ್ ಕಿಂಚಿತ್ತೂ ವಿಚಲಿತನಾಗಲಿಲ್ಲ. "ಅದು ತರೀಕೆರೆ ರೋಡಲ್ಲೋ, ಹೊಳೆಹೊನ್ನೂರು ರೋಡಲ್ಲೋ?"

ಪೇಶಾವರ ಹೊಳೆಹೊನ್ನೂರು ರಸ್ತೆಯಲ್ಲಿತ್ತು. ಭದ್ರಾ ನಾಲೆಯ ಪಕ್ಕ, ಕಬ್ಬಿನ ಗದ್ದೆಯ ನಡುವೆ ಒಂದು ಆಲೆಮನೆ. ಗಾಣ ತಿರುಗುತ್ತಿತ್ತು, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಪಾಕವಾಗುತ್ತಿತ್ತು. ದೊಡ್ಡಪ್ಪ ಗೆಳೆಯನನ್ನು ಹೊಗೆಗೆ ಎದುರಾಗಿ ಕೂರಿಸಿ, ಕಬ್ಬಿನ ಜಲ್ಲೆಯಿಂದ ತೋರಿಸುತ್ತಾ ಭಾಷಣ ಆರಂಭಿಸಿದರು: ಇದು ಕಾಬೂಲ್ ನದಿಯ ನಾಲೆ, ಅಗೋ ಅಲ್ಲಿ ನಿಮ್ಮಪ್ಪನ ಮನೆ, ಇಗೋ ಇಲ್ಲಿ ಅಂಗಳ...

"ಸುಮ್ನಿರು ಮಾರಾಯ. ಇದು ಹೊಳೆಹೊನ್ನೂರು ರೋಡು," ಎಂದರು ಖಾನ್ ಸಾಬರು. "ನೆನಪು ಹೋಗಿದೆ, ಬುದ್ಧಿ ಹೋಗಿಲ್ಲ."

ದೊಡ್ಡಪ್ಪ ಜಲ್ಲೆಯನ್ನು ಕೆಳಗಿಟ್ಟರು.

ಆಲೆಯವನು ಬಿಸಿ ಬೆಲ್ಲವನ್ನು ಎಲೆಯ ಮೇಲೆ ಹಾಕಿ ಕೊಟ್ಟ. ಖಾನ್ ಸಾಬರು ಬಾಯಿಗಿಡಲಿಲ್ಲ. ಮೂಗಿನ ಬಳಿ ಹಿಡಿದು ಅದರ ವಾಸನೆಯನ್ನು ಎಳೆದುಕೊಂಡರು.

"ಅಬ್ಬಾ ಊರಿಂದ ಹೊರಡೋ ದಿನ ಅವರಮ್ಮ ಶಾಲಿನ ತುದೀಗೆ ಬೆಲ್ಲ ಕಟ್ಟಿದ್ರು," ಎಂದರು. "ದಾರೀಲಿ ತಿನ್ನು ಅಂತ. ಅಬ್ಬಾ ತಿನ್ಲಿಲ್ಲ. ಎಷ್ಟೋ ವರ್ಷ ಪೆಟ್ಟಿಗೇಲಿ ಇಟ್ಕೊಂಡಿದ್ರು. ನಾನು ಹುಟ್ಟಿದ ದಿನ ಅದನ್ನ ನೀರಲ್ಲಿ ತೇದು ನನ್ನ ನಾಲಿಗೆಗೆ ಇಟ್ರಂತೆ."

"ಇರುವೆ ಮುತ್ತಿರ್ಲಿಲ್ವಾ?" ಎಂದರು ದೊಡ್ಡಪ್ಪ.

"ಕಲ್ಲಾಗಿತ್ತಂತೆ ಮಾರಾಯ. ಕಲ್ಲು."

ದೊಡ್ಡಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. "ಇದು ನನಗೆ ಗೊತ್ತಿರ್ಲಿಲ್ಲ," ಎಂದರು. ಪೇಶಾವರದ ವಿಷಯದಲ್ಲಿ ಆ ಮಾತು ಅವರ ಬಾಯಿಂದ ಬಂದದ್ದನ್ನು ಮನುಷ್ಯಮಾತ್ರರು ಕೇಳಿರಲಿಲ್ಲ.

ವಾಪಸು ಬರುವಾಗ ಖಾನ್ ಸಾಬರು ನನ್ನ ಭುಜಕ್ಕೆ ಒರಗಿ ನಿದ್ದೆ ಹೋದರು. ದೊಡ್ಡಪ್ಪ ಮಾತ್ರ ಹೊರಗೆ ನೋಡುತ್ತಾ, ಬೆರಳು ಮಡಿಸುತ್ತಾ, ಮೆಲ್ಲನೆ ಬಾಯಿಪಾಠ ಮಾಡುತ್ತಿದ್ದರು: ಅವರಮ್ಮ, ಶಾಲಿನ ತುದಿ, ಬೆಲ್ಲ, ಪೆಟ್ಟಿಗೆ, ನೀರಲ್ಲಿ ತೇದು...

ನಾಳೆ ಸಂಜೆ ಹೇಳಿಕೊಡಬೇಕಿತ್ತಲ್ಲ.