ಹುಕ್ಕೇರಿಯಾಗ ಕರದಂಟು ಗೆದ್ದದ್ದು

ಈ ಸಲ ಹುಕ್ಕೇರಿಗಿ ಹೋಗಿ, ಅತ್ತಿ ಮನಿ ಪಡಸಾಲ್ಯಾಗ, ನೆರದ ಮಂದಿ ಮುಂದ, ನನ್ನ ಹೇಣ್ತಿ ಬಾಯಿಂದನ "ಕರದಂಟ ಚೊಲೊ" ಅಂತ ಅನಿಸೇ ಬಿಡ್ತೇನಿ ಅಂತ ಶಪಥಾ ಮಾಡಿದ್ನಿ ನೋಡ್ರಿ. ಆ ಶಪಥಾ ಈಡೇರೂ ಈಡೇರಿತು! ಹೆಂಗ ಈಡೇರಿತು ಅಂತ ಮಾತ್ರ ಕೇಳಬಾರದು. ಕೇಳಿದ್ರ ಹೇಳದ ಇರೂ ಸ್ವಭಾವ ನಂದಲ್ಲ.

ನಾ ಗೋಕಾಕದಾಂವ. ಪ್ಯಾಟ್ಯಾಗ ಪೈಪು, ನಲ್ಲಿ ಮಾರೋ ಸಣ್ಣ ಅಂಗಡಿ ಐತಿ. ನಮ್ಮೂರ ಕೂಸುಗೋಳಿಗಿ ಹಲ್ಲ ಬರೂದ ಕರದಂಟ ತಿನ್ನಾಕ ಅಂತ ನಂಬಿದಾಂವ. ನನ್ನ ಹೇಣ್ತಿ ಅನ್ನಪೂರ್ಣಾ ಹುಕ್ಕೇರಿಯಾಕಿ. ಅಕಿ ಪಾಲಿಗಿ ಜಗತ್ತಿನ್ಯಾಗ ಸಿಹಿ ಅಂತ ಇರೂದು ಒಂದ, ಅಕಿ ಅವ್ವ ಕಲಿಸಿದ ಅಂಟಿನ ಉಂಡಿ. ಹೊರಗಿನ ಮಂದಿ ಬಂದ್ರ "ಎರಡೂ ಒಂದ ಅಲ್ರಿ?" ಅಂತ ಕೇಳ್ತಾರ. ಅದ ಕರದ ಅಂಟು, ಅದ ಒಣಕೊಬ್ಬರಿ, ಅದ ಉತ್ತತ್ತಿ, ಅದ ಗೋಡಂಬಿ, ಅದ ಬೆಲ್ಲದ ಪಾಕ. ತಾಟಿಗಿ ಸುರುವಿ ಚೌಕ ಕೊಯ್ದ್ರ ಕರದಂಟು, ಕೈಯಾಗ ಗುಂಡಗ ಕಟ್ಟಿದ್ರ ಉಂಡಿ. ಹಂಗ ನೋಡಿದ್ರ ಒಂದ ಖರೆ. ಆದ್ರ ಹಂಗ ಅಂದವರಿಗಿ ನಮ್ಮ ಮನ್ಯಾಗ ಎರಡನೇ ಸಲ ಚಾ ಕೊಡೂದಿಲ್ಲ. ಈ ಒಂದ ವಿಷಯದಾಗ ಮಾತ್ರ ಗಂಡ ಹೇಣ್ತಿ ಒಂದ ಕಡಿ ಇದ್ದೇವಿ.

ಉಳದಂಗ ದಿನಾ ಮುಂಜಾನಿ ಯುದ್ಧ.

"ಕರದಂಟ ಅಂದ್ರ ಏನ್ರಿ? ಅಂಗಡಿಗಿ ಹೋದ್ರ ಯಾರಿಗಿ ಬೇಕಾದ್ರೂ ಸಿಗತೈತಿ. ಉಂಡಿಗಿ ಕೈ ಬೇಕು" ಅಂತಾಳ ಅಕಿ.

"ಉಂಡಿ ಅಂದ್ರ ಏನ? ಕರದಂಟ ಆಗಬೇಕಂತ ಹೊಂಟು, ತಾಟ ಸಿಗಲಾರದ ಕೈಯಾಗ ಉಳಕೊಂಡದ್ದು" ಅಂತೇನಿ ನಾ.

"ಕರದಂಟ ತಿಂದ್ರ ದವಡಿ ಹಿಡಿತಾವು."

"ಅದು ಗಟ್ಟಿ ಮಂದಿ ತಿನ್ನೂ ತಿನಸು."

"ಅದಕ್ಕ ನಿಮ್ಮ ದವಡಿಗಿ ಬಿಡುವ ಇಲ್ಲ. ಮುಂಜಾನಿ ಸುರು ಆದ್ರ ರಾತ್ರಿ ಗೊರಕಿ ಬರೂ ತನಾ ಮಾತು."

ಇದು ಅಪವಾದ. ಗೊರಕಿ ಬಂದ ಮ್ಯಾಲೂ ಮಾತಾಡ್ತೇನಂತ, ನನ್ನ ಅವ್ವನ ಹೇಳ್ಯಾಳ.

ಮೊನ್ನೆ ಏನಾತಂದ್ರ, ಅನ್ನಪೂರ್ಣಾನ ತಂಗಿ ನಂದಾ ಹಡದ್ಳು. ಹೆಣ್ಣ ಕೂಸು. ಬಾಣಂತನಕ್ಕ ಹುಕ್ಕೇರಿ ತವರಮನ್ಯಾಗ ಇದ್ದಾಳ. ರವಿವಾರ ತೊಟ್ಟಲಾ, ಅಂದ್ರ ಕೂಸಿಗಿ ಹೆಸರಿಡೂ ಕಾರ್ಯ. ಅನ್ನಪೂರ್ಣಾ ತಂಗಿ ಸಲುವಾಗಿ ದೊಡ್ಡ ಸ್ಟೀಲ್ ಡಬ್ಬಿ ತುಂಬ ಉಂಡಿ ಕಟ್ಟಿ, ಬಾಯಿಗಿ ಅರಬಿ ಬಿಗದು ಇಟ್ಟಳು. ನಾನೂ ಸುಮ್ನ ಇರಬೇಕಲ್ಲ? ಒಂದ ಡಬ್ಬಿ ಕರದಂಟ ತಂದು ಅದರ ಬಾಜೂಕ ಇಟ್ಟು, "ಮಂದಿ ಯಾವುದ ಮೊದಲ ಖಾಲಿ ಮಾಡ್ತಾರ ನೋಡೂನು" ಅಂದ್ನಿ.

ಅನ್ನಪೂರ್ಣಾ ಸೆರಗ ಸೊಂಟಕ್ಕ ಸಿಗಿಸಿಕೊಂಡ್ಳು. "ನೋಡೂದೇನ, ತೊಟ್ಟಲದಾಗ ಫೈಸ್ಲಾನ ಆಗಲಿ. ಶಿದ್ಲಿಂಗಪ್ಪ ಕಾಕಾ ತಿಂದ ಹೇಳಲಿ. ಸೋತವ್ರು ಎದ್ದ ನಿಂತು, ಎಲ್ಲಾರ ಮುಂದ, ಇನ್ನೊಬ್ರದ್ದ ಚೊಲೊ ಅನಬೇಕು. ಮತ್ತ ಸೋತವ್ರ ತಿನಸು ಇನ್ನ ಮ್ಯಾಲ ಈ ಮನಿ ಹೊಸ್ತಿಲಾ ದಾಟಬಾರದು. ಒಪ್ಪಿಗಿ ಐತೇನ್ರಿ?"

"ಐತಿ" ಅಂದ್ನಿ. ಅಂದ ಮ್ಯಾಲ ವಿಚಾರ ಮಾಡಿದ್ನಿ. ಇದು ನನ್ನ ಹಳೇ ಪದ್ಧತಿ.

ಶಿದ್ಲಿಂಗಪ್ಪ ಕಾಕಾ ಮೂಡಲಗಿಯವ್ರು. ಗೋಕಾಕದವ್ರೂ ಅಲ್ಲ, ಹುಕ್ಕೇರಿಯವ್ರೂ ಅಲ್ಲ. ನಮ್ಮಿಬ್ಬರ ಲಗ್ನಾ ಕೂಡಿಸಿದವ್ರ ಅವರು. ಅಂಥಾದ್ದ ಮಾಡಿ ಎರಡೂ ಮನಿಯವ್ರ ಕಡಿಂದ ಬೈಸಿಕೊಂಡು ಸುಮ್ನಿದ್ದವ್ರಿಗಿಂತ ನಿಷ್ಪಕ್ಷಪಾತಿ ಇನ್ಯಾರ ಸಿಕ್ಕಾರು? ಶನಿವಾರ ಮಧ್ಯಾಹ್ನ ಅವರಿಗಿ ಫೋನ್ ಹಚ್ಚಿದ್ನಿ.

"ಬರ್ತೇನಪಾ ಅಶೋಕಾ, ಬಿಟ್ಟೇನೇನ? ಆದ್ರ ಒಂದ ಮಾತು. ಹೊಸಾ ಹಲ್ಲಿನ ಸೆಟ್ ಹಾಕಿಸೇನಿ. ಡಾಕ್ಟರು ಮೆತ್ತಂದ ತಿನ್ನ ಅಂದಾರ."

ಫೋನ್ ಇಟ್ಟು ಡಬ್ಬಿ ಕಡಿ ನೋಡಿದ್ನಿ. ಕರದಂಟ ಅಂದ್ರ ಜಗ್ಗಿ ಜಗ್ಗಿ ತಿನ್ನೂ ವಸ್ತು. ಉಂಡಿ ಅಂದ್ರ ಬಾಯಾಗ ಇಟ್ರ ಪುಡಿ. ಕಾಕಾ ಕರದಂಟ ಒಮ್ಮೆ ಕಚ್ಚಿ ಕೆಳಗ ಇಟ್ರಂದ್ರ ಮುಗೀತು. ಗೋಕಾಕದ ಮಾನಾ ಹುಕ್ಕೇರಿ ಪಡಸಾಲ್ಯಾಗ ಹರಾಜ!

ಅಷ್ಟರಾಗ ಅನ್ನಪೂರ್ಣಾ ಕೂಸಿನ ತಲಿಗಿ ಹಾಕೂ ಕುಂಚಗಿ ತರಾಕ ಪ್ಯಾಟಿಗಿ ಹೊಂಟಳು. ಬಾಗಲಾ ಹಾಕ್ಕೊಂಡ ಅಡಗಿಮನಿ ಹೊಕ್ಕ್ನಿ. ಲಗ್ನ ಆದಾಗಿಂದ ನೀರ ಕುಡಿಯಾಕ ಬಿಟ್ರ ಆ ಕಡಿ ಹೋದಾಂವ ಅಲ್ಲ ನಾ. ಆದ್ರ ಪೈಪ್ ಕಾಸಿ ಬಗ್ಗಿಸೂ ಮಂದಿಗಿ ಕರದಂಟ ಮೆತ್ತಗ ಮಾಡೂದು ಯಾವ ಲೆಕ್ಕ? ಕಡಾಯ್ಯಾಗ ಕರದಂಟ ಹಾಕಿದ್ನಿ, ಒಂದ ವಾಟಿ ತುಪ್ಪ ಸುರುವಿದ್ನಿ. ಕರಗಲಿಲ್ಲ. ಒಂದ ವಾಟಿ ಹಾಲ ಸುರುವಿದ್ನಿ. ಕರಗಿತು. ಬೇಕಾದಕ್ಕಿಂತ ಜಾಸ್ತೀನ ಕರಗಿತು. ತಾಟಿಗಿ ಹಾಕಿ ಕೊಯ್ದ್ರ, ಕೊಯ್ದ ಚೌಕ ಎಲ್ಲಾ ಹೊಳ್ಳಿ ಒಂದಕ್ಕೊಂದ ತೆಕ್ಕಿ ಬಿದ್ವು. ಚಮಚಾ ಊರಿದ್ರ ನಿಂತೇ ಬಿಡ್ತು, ಜಗ್ಗಿದ್ರ ತಾಟನ ಮ್ಯಾಲ ಬಂತು.

ಕೈಗಿ ತುಪ್ಪ ಸವರಿಕೊಂಡು ಹಿಡದ ನೋಡಿದ್ನಿ. ಗುಂಡಗ ಕಟ್ಟಿದ್ರ ಮಾತ್ರ ನಿಂದರತಿತ್ತು. ಕಟ್ಟಿದ್ನಿ. ಕಟ್ಟಿ ನೋಡಿದ್ರ ಥೇಟ್ ಅಂಟಿನ ಉಂಡಿ!

ಆಗ ನನ್ನ ತಲ್ಯಾಗ ದೀಪಾ ಹತ್ತಿತು. ಉಂಡಿ ಇಲ್ಲೇ ಐತಿ, ಮೆತ್ತನ್ನ ಚೌಕ ಬೇಕು. ಅನ್ನಪೂರ್ಣಾನ ಡಬ್ಬಿ ಅರಬಿ ಬಿಚ್ಚಿದ್ನಿ. ಅಕಿ ಉಂಡಿ ಎಲ್ಲಾ ಪುಡಿ ಮಾಡಿ, ತಾಟಿಗಿ ಹಾಕಿ, ವಾಟಿ ತಳದಲೇ ಒತ್ತಿ ಒತ್ತಿ ಕೂಡಿಸಿ ಚೌಕ ಕೊಯ್ದ್ನಿ. ನಡುವ ಸಣ್ಣ ಸಣ್ಣ ಕೆಂಪನ್ನ ಕಾಳ ಕಂಡ್ವು. ಗಸಗಸಿ ಹುರಿಯೂ ಮುಂದ ಕೆಂಪ ಮಾಡಿರಬೇಕ ಪಾಪ ಅಂತ ಬಿಟ್ನಿ. ಆ ಚೌಕ ಕರದಂಟಿನ ಡಬ್ಬಿಗಿ, ನನ್ನ ಗುಂಡು ಉಂಡಿ ಡಬ್ಬಿಗಿ. ಅರಬಿ ಮೊದಲಿನಂಗ ಬಿಗದ್ನಿ. ಕಡಾಯಿ ಎಷ್ಟ ತಿಕ್ಕಿದ್ರೂ ಪಾಕ ತಳಾ ಬಿಡಲಿಲ್ಲ, ಹಿತ್ತಲದಾಗ ಬಕೀಟಿನ ಕೆಳಗ ಬೋರಲ ಹಾಕಿ ಮುಚ್ಚಿಟ್ನಿ. ಅನ್ನಪೂರ್ಣಾ ಬಂದಾಗ ನಾ ಪೇಪರ್ ಓದಾಕತ್ತಿದ್ನಿ.

ಮರುದಿನ ಹುಕ್ಕೇರಿ ಬಸ್ಸಿನ್ಯಾಗ ಡಬ್ಬಿ ತೊಡಿ ಮ್ಯಾಲ ಇಟಗೊಂಡ ಕುಂತಾಗ ಒಂದ ವಿಚಾರ ಬಂತು. ಬರಬಾರದಿತ್ತು, ಬಂತು. ಕರದಂಟಿನ ಡಬ್ಬ್ಯಾಗ ಈಗ ಇರೂದು ಅನ್ನಪೂರ್ಣಾನ ಉಂಡಿ. ಅಂದ್ರ ನಾ ಗೆಲ್ಲಬೇಕಾದ್ರ ಅಕಿ ಉಂಡಿನ ರುಚಿ ಆಗಬೇಕು! ಕರದಂಟ ರುಚಿ ಆತಂದ್ರ ನಾ ಸೋತ್ನಿ. ಇಷ್ಟ ವರ್ಷ ಯಾವುದಕ್ಕ ಬೈದಿದ್ನೋ ಅದಕ್ಕ ಮನಸಿನ್ಯಾಗ ಕೈ ಮುಗದು, "ಉಂಡಿನ ಚೊಲೊ ಇರಲೆಪಾ ಬಸವಣ್ಣ" ಅಂತ ಬೇಡಿಕೊಂಡ್ನಿ.

"ಏನ್ರಿ, ಬಸ್ ಹತ್ತಿದಾಗಿಂದ ಮಾತ ಇಲ್ಲ? ಆರಾಮ ಇದ್ದೀರೇನ?" ಅಂತ ಅನ್ನಪೂರ್ಣಾ ಹಣಿ ಮುಟ್ಟಿ ನೋಡಿದ್ಳು.

ತೊಟ್ಟಲಾ ಚೊಲೊತ್ನ್ಯಾಂಗ ಆತು. ಹೆಸರಿಟ್ಟು, ಊಟಾ ಮುಗದು, ಮಂದಿ ಎಲ್ಲಾ ಪಡಸಾಲ್ಯಾಗ ಜಮಖಾನಿ ಮ್ಯಾಲ ಕುಂತ್ರು. ಒಳಗಿನ ಬಾಗಲದಾಗ ನಂದಾ ಕಿವಿಗಿ ಬಾಣಂತಿ ಕುಲಾಯಿ ಕಟಗೊಂಡು, ಕೂಸಿನ್ನ ಮಡಲಾಗ ಹಾಕ್ಕೊಂಡ ಕುಂತಿದ್ಳು. ನಡುವ ಶಿದ್ಲಿಂಗಪ್ಪ ಕಾಕಾ, ಹೊಸಾ ರುಮಾಲು, ಹೊಸಾ ಹಲ್ಲು. ಮುಂದ ಒಂದ ತಾಟು. ಅದರಾಗ ಎರಡ ಉಂಡಿ, ಬಾಜೂಕ ಚೌಕದ ರಾಶಿ.

ಕಾಕಾ ಮೊದಲ ಉಂಡಿ ಕಚ್ಚಿದ್ರು. ಬಾಯಿ ಮುಚ್ಚಿದ್ರು. ಹೊಳ್ಳಿ ತೆರೀಲಿಲ್ಲ. ಕಣ್ಣ ದೊಡ್ಡವಾದ್ವು, ಗದ್ದ ಅಲ್ಲಾಡಿತು, ಕಡೀಕ ಎರಡೂ ಕೈ ಹಾಕಿ ಜಗ್ಗಿದ್ರು. ಉಂಡಿ ಹೊರಗ ಬಂತು, ಬೆನ್ನ ಹತ್ತಿ ಹಲ್ಲಿನ ಸೆಟ್ಟೂ ಬಂತು. ಸೆಟ್ಟು ಉಂಡಿನ್ನ ಬಿಡವಲ್ದು, ಉಂಡಿ ಸೆಟ್ಟನ್ನ ಬಿಡವಲ್ದು.

ಬಿಸಿನೀರ ತರಿಸಿ, ತೊಳದು, ಹಲ್ಲ ಹೊಳ್ಳಿ ಕೂಡಿಸಿಕೊಂಡ ಮ್ಯಾಲ ಕಾಕಾ ಅಂದ್ರು, "ಅನ್ನಪೂರ್ಣಾ, ಇದು ಬಾಣಂತಿಗಿ ಕಟ್ಟಿದ್ದೇನವಾ, ಇಲ್ಲಾ ಟ್ರ್ಯಾಕ್ಟರ್ ಗಾಲಿ ಪಂಕ್ಚರಿಗಿ ಕಟ್ಟಿದ್ದ?"

ಅನ್ನಪೂರ್ಣಾನ ಮಾರಿ ಸಣ್ಣ ಆತು. ಅಕಿ ಉಂಡಿಗಿ ಇಂಥಾ ಮಾತ ಯಾರೂ ಅಂದಿದ್ದಿಲ್ಲ. ಒಂದ ಗಳಿಗಿ ನನಗೂ ಕೆಟ್ಟ ಅನಸ್ತು. ಒಂದ ಗಳಿಗಿ ಅಷ್ಟ.

ಆಮ್ಯಾಲ ಚೌಕ. ಕಾಕಾ ಅಂಜಿಕೋತ ತುದಿ ಮುರದು ಬಾಯಾಗ ಇಟ್ರು. ಕಣ್ಣ ಮುಚ್ಚಿದ್ರು. ಇನ್ನೊಂದ ತಗೊಂಡ್ರು. "ಇಷ್ಟ ವಯಸ್ಸಾತು, ಇಂಥಾ ಕರದಂಟ ತಿಂದಿಲ್ಲ. ತುಪ್ಪದ ಹದಾ ಏನು, ಘಮಾ ಏನು! ಗೋಕಾಕ ಗೆದ್ದೈತಿ."

ನೋಡ್ರಿ ಮತ್ತ! ಗೆದ್ದ ಗೋಕಾಕದಾಂವ ಸುಮ್ನ ಕುಂದ್ರತಾನ? ಎದ್ದ ನಿಂತು ಭಾಷಣ ಸುರು ಮಾಡಿದ್ನಿ. ಕರದಂಟಿನ ಮಹಿಮಾ, ಘಟಪ್ರಭಾ ನೀರಿನ ಗುಣಾ, ನಮ್ಮೂರ ಬೆಲ್ಲದ ದೊಡ್ಡಸ್ತಿಕಿ, ಎಲ್ಲಾ ಹೇಳಿದ್ನಿ. ನಾ ಹೇಳಿ ಮುಗಸೂದ್ರಾಗ ಮಂದಿ ಚೌಕ ಎಲ್ಲಾ ಖಾಲಿ ಮಾಡಿ ಬೆರಳ ಚೀಪಾಕತ್ತಿದ್ರು. "ಹೂಂ, ಅನ್ನಪೂರ್ಣಾ, ಏಳು. ಮಾತ ಕೊಟ್ಟೀದಿ" ಅಂದ್ನಿ.

ಅಕಿ ಏಳಲಿಲ್ಲ. ತಾಟಿನ್ಯಾಗ ಉಳದಿದ್ದ ಒಂದ ಚೂರ ಬಾಯಿಗಿ ಹಾಕ್ಕೊಂಡು ಸಾವಕಾಶ ಅಗದ್ಳು. ಅಗಿಯೂದ ನಿಲ್ಲಿಸಿ ನನ್ನ ನೋಡಿದ್ಳು.

"ಏನ್ರಿ, ಗೋಕಾಕ ಅಂಗಡಿಯವ್ರು ಕರದಂಟಿಗಿ ಅಳವಿ ಯಾವಾಗಿಂದ ಹಾಕಾಕತ್ಯಾರ?"

"ಅಳವಿ ಅಂದ್ರ?" ಅಂದ್ನಿ. ಖರೇನ ಗೊತ್ತಿರಲಿಲ್ಲ.

ಗೊತ್ತಿದ್ದ ಹೆಣ್ಣಮಕ್ಕಳೆಲ್ಲಾ ಒಮ್ಮೆಲೇ ನಕ್ರು. ಅತ್ತಿ ಹೇಳಿದ್ರು, "ಬಾಣಂತಿಗಿ ಎದಿಹಾಲು ಬರಲಿ ಅಂತ ಹಾಕೂ ಕೆಂಪನ್ನ ಕಾಳರಿ ಅಳಿಯಾಂದ್ರ. ನಾನ ಇಲ್ಲಿಂದ ಕಳಿಸಿದ್ನಿ, ನಂದಾನ ಉಂಡಿಗಿ."

ಕಾಕಾ ಗಾಬರಿ ಆಗಿ ಸೆಟ್ ತಗದ ನೋಡಿದ್ರು. ಸಂದಿ ಸಂದ್ಯಾಗ ಕೆಂಪನ್ನ ಕಾಳು.

"ಕಾಕಾ, ಕುಲಾಯಿ ಕೊಡಲೇನ್ರಿ? ಇನ್ನೊಂದ ಐತಿ" ಅಂದ್ಳು ನಂದಾ ಬಾಗಲದಾಗಿಂದ.

"ಹಂಗಾರ ಈ ಉಂಡಿ ಎದರದ್ದು?" ಅಂತ ಅತ್ತಿ ತಾಟಿಗಿ ಕೈ ಹಾಕಿದ್ರು. ಒಂದ ಇಡೀ ಉಂಡಿ ಹಂಗ ಉಳದಿತ್ತು. ಅವರಕಿಂತ ಮೊದಲ ನಾ ಗಬಕ್ಕನ ಎತ್ತಿ, ಪೂರಾ ಬಾಯಾಗ ಒಗಕೊಂಡು ಕಚ್ಚಿದ್ನಿ. ಸಾಕ್ಷಿನ ಇಲ್ಲದ ಮ್ಯಾಲ ಯಾರ ಏನ ಮಾಡ್ತಾರ? ಡಬ್ಬ್ಯಾಗ ಇನ್ನೂ ಅದಾವು ಅನ್ನೂದು ಆಗ ತಲಿಗಿ ಹೊಳೀಲಿಲ್ಲ.

ಸಾಕ್ಷಿ ಎಲ್ಲೂ ಹೋಗಲಿಲ್ಲ. ಮ್ಯಾಲಿನ ದವಡಿ ಕೆಳಗಿನ ದವಡಿ ಹಿಡಕೊಂಡು ಅಲ್ಲೇ ಕುಂತಿತು.

"ಅಶೋಕಾ, ಖರೇ ಹೇಳ. ಏನ ಮಾಡೀದಿ?" ಅಂದ್ರು ಕಾಕಾ.

"ಮ್" ಅಂದ್ನಿ.

"ಇವರೇನ ಹೇಳ್ತಾರ ಬಿಡ್ರಿ ಕಾಕಾ" ಅಂದ್ಳು ಅನ್ನಪೂರ್ಣಾ. "ಮುಂಜಾನಿ ಹಿತ್ತಲದಾಗ ಬಕೀಟ ಎತ್ತಿದ್ರ ಕೆಳಗ ನನ್ನ ಕಡಾಯಿ ಬೋರಲ ಬಿದ್ದಿತ್ತು. ಉಗರ ಹಾಕಿ ಕೆರದ್ರೂ ಬಿಡವಲ್ದಂಥಾದ್ದು ಏನೋ ಅಂಟಿತ್ತು. ಏನಂತ ಈಗ ತಿಳೀತು. ಚೌಕ ನನ್ನ ಉಂಡಿ, ಗುಂಡ ಇವರ ಕರದಂಟು. ಅಂದ್ರ ಗೆದ್ದದ್ದು ಯಾರ್ರಿ?"

"ನೀನವಾ" ಅಂದ್ರು ಕಾಕಾ.

"ಹಂಗಾರ ಸೋತವ್ರು ಏಳಲಿ. ಎದ್ದ ಹೇಳಲಿ."

ಎದ್ದ ನಿಂತ್ನಿ. ಮಂದಿ ಎಲ್ಲಾ ಕಣ್ಣ ನೆಟ್ಟ ಕುಂತಿತ್ತು. ಉಂಡಿ ಚೊಲೊ ಅನ್ನಾಕ ಮನಸ ಮಾಡಿ, ಜೀವಾ ಗಟ್ಟಿ ಹಿಡದು, ದವಡಿ ಎತ್ತಾಕ ಹೋದ್ನಿ. "ಮ್ಮ್" ಅಂತು. ಗದ್ದಕ್ಕ ಕೈ ಹಚ್ಚಿ ಜಗ್ಗಿದ್ನಿ. "ಮ್ಮ್ಮ್" ಅಂತು. ಕೂಸ ಸೈತ ಅಳೂದ ಬಿಟ್ಟು ನನ್ನ ನೋಡಾಕತ್ತಿತ್ತು.

ಅನ್ನಪೂರ್ಣಾ ನನ್ನ ಅಂಟಿದ ದವಡಿ ನೋಡಿದ್ಳು. ಆಮ್ಯಾಲ ಏನನಸ್ತೋ, ತಾನ ಎದ್ದ ನಿಂತು ಸೆರಗ ಸರಿ ಮಾಡಿಕೊಂಡ್ಳು.

"ಎಲ್ಲಾರೂ ಕೇಳ್ರಿ. ಲಗ್ನ ಆದಾಗಿಂದ ಇವರ ಬಾಯಿ ಮುಚ್ಚಸಾಕ ನನ್ನ ಕಡಿಂದ ಆಗಿಲ್ಲ, ಇವರ ಅವ್ವನ ಕಡಿಂದನೂ ಆಗಿಲ್ಲ. ಇಷ್ಟ ವರ್ಷ ಉಂಡಿ ಕಟ್ಟಿ ಕಟ್ಟಿ ಹಾಕೇನಿ, ಅದರ ಕಡಿಂದನೂ ಆಗಿಲ್ಲ. ನಾ ಸೋತ್ನಿ. ಕರದಂಟ ಚೊಲೊ." ನನ್ನ ಕಡಿ ತಿರಗಿ, "ಇನ್ನ ಮ್ಯಾಲ ವಾರಕ್ಕೊಂದ ಡಬ್ಬಿ ತರ್ರಿ" ಅಂದ್ಳು.

ಶಪಥಾ ಈಡೇರಿತು. ಹುಕ್ಕೇರಿ ಪಡಸಾಲ್ಯಾಗ, ಮಂದಿ ಮುಂದ, ಅಕಿ ಬಾಯಿಂದನ. "ನಾ ಹೇಳಿರಲಿಲ್ಲ?" ಅನಬೇಕಂತ ಎಷ್ಟ ಒದ್ದಾಡಿದ್ನಿ ಅಂತೀರಿ, ಬಾಯಿ ಮಾತ್ರ ತೆರೀಲಿಲ್ಲ.